ಒಂದೇ ಮಗು, ಎರಡು ಆ್ಯಪ್, ಒಂದು ತಾಯಿ ಕಾರ್ಡ್: ಬೆಳವಣಿಗೆ ಮತ್ತು ಲಸಿಕೆಯ ಡಿಜಿಟಲ್ ಲೆಕ್ಕ ನಡೆಯುವುದು ಹೀಗೆ

ಅಂಗನವಾಡಿಯಲ್ಲಿ ಆಹಾರದ ಪೊಟ್ಟಣ ಕೈಗೆ ಬರುವ ಮೊದಲು ಈಗ ತಾಯಿಯ ಮುಖವನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಬೇಕು. ಲಸಿಕೆ ಹಾಕಿಸಲು ಹೋದರೆ ಫೋನ್ ನಂಬರ್ ಕೇಳುತ್ತಾರೆ, ಆಮೇಲೆ ಅದಕ್ಕೊಂದು ಮೆಸೇಜ್ ಬರುತ್ತದೆ. ಇದರ ಜೊತೆಗೆ ಗರ್ಭಿಣಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡನ್ನೂ ಮರೆಯದೆ ತರಬೇಕು. ಎಲ್ಲವೂ ಮೊಬೈಲಿಗೆ ಹೋದ ಮೇಲೆ ಕಾರ್ಡ್ ಏಕೆ? ಅಂಗನವಾಡಿಯಲ್ಲಿ ಬರೆದುಕೊಂಡದ್ದು ಸಿಸ್ಟರಿಗೆ ಕಾಣುವುದಿಲ್ಲವೇ? ಆ್ಯಪ್‌ನಲ್ಲಿ ಮಗು ಕೆಂಪು ಬಣ್ಣದಲ್ಲಿದೆ ಎಂದರೆ ಏನರ್ಥ? ಮಡಿಕೇರಿಯಿಂದ ಕುಟ್ಟದವರೆಗೆ ಕೇಳಿಬರುವ ಪ್ರಶ್ನೆಗಳಿವು. ಕೊಡಗಿನಲ್ಲಿ ಇವಕ್ಕೆ ಇನ್ನಷ್ಟು ತೂಕವಿದೆ. ಕಾಫಿ ಕೊಯ್ಲಿಗೆ ಬಂದು ಹೋಗುವ ಕುಟುಂಬಗಳು, ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಲೈನ್ ಮನೆಗೆ ಬದಲಾಗುವ ವಿಳಾಸ, ಹೆರಿಗೆಗೆ ಮೈಸೂರಿಗೋ ಕಣ್ಣೂರಿಗೋ ಹೋಗುವ ರೂಢಿ, ಮಳೆಗಾಲದಲ್ಲಿ ಕೈಕೊಡುವ ನೆಟ್‌ವರ್ಕ್, ಇವೆಲ್ಲ ಸೇರಿ ಒಂದೇ ಮಗುವಿನ ದಾಖಲೆ ಎರಡು ಮೂರು ಚೂರಾಗುವುದು ಇಲ್ಲಿ ಸುಲಭ.

ಯಾವ ಆ್ಯಪ್ ಯಾರದು

ಪೋಷಣ್ ಟ್ರ್ಯಾಕರ್ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. 2021ರ ಮಾರ್ಚ್‌ನಲ್ಲಿ ಶುರುವಾಯಿತು. ಇದನ್ನು ನಡೆಸುವವರು ಅಂಗನವಾಡಿ ಕಾರ್ಯಕರ್ತೆಯರು. ಗರ್ಭಿಣಿಯರು, ಬಾಣಂತಿಯರು ಮತ್ತು ಆರು ವರ್ಷದೊಳಗಿನ ಮಕ್ಕಳ ಹೆಸರು, ಮಕ್ಕಳ ಹಾಜರಿ, ತೂಕ, ಎತ್ತರ, ಕೊಟ್ಟ ಆಹಾರ ಇದರೊಳಗೆ ಸೇರುತ್ತವೆ.

ಯು-ವಿನ್ ಆರೋಗ್ಯ ಸಚಿವಾಲಯದ್ದು. ಕೋವಿಡ್ ಸಮಯದ ಕೋ-ವಿನ್ ಮಾದರಿಯಲ್ಲೇ ಕಟ್ಟಿದ ವ್ಯವಸ್ಥೆ. 2023ರ ಜನವರಿಯಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಪ್ರಯೋಗ ನಡೆಸಿ ನಂತರ ಬೇರೆ ಕಡೆಗೂ ವಿಸ್ತರಿಸಿದರು. ಗರ್ಭಿಣಿಯ ನೋಂದಣಿ, ಹೆರಿಗೆ, ಹುಟ್ಟಿದ ಮಗುವಿಗೆ ಹಾಕಿದ ಪ್ರತಿಯೊಂದು ಲಸಿಕೆ, ಮುಂದಿನ ಲಸಿಕೆಯ ದಿನ ಇದರಲ್ಲಿರುತ್ತವೆ. ಉಪಕೇಂದ್ರದ ಸಿಸ್ಟರ್, ಅಂದರೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಇದನ್ನು ತುಂಬುತ್ತಾರೆ. ಯಾವ ಮನೆಯಲ್ಲಿ ಯಾವ ಮಗು ಬಾಕಿಯಿದೆ ಎಂದು ಹುಡುಕಿ ಕರೆತರುವವರು ಆಶಾ ಕಾರ್ಯಕರ್ತೆ.

ಈ ಎರಡಕ್ಕೂ ಮೊದಲಿನಿಂದ ಇರುವುದು ಗರ್ಭಿಣಿ ಮತ್ತು ಮಕ್ಕಳ ಆರೋಗ್ಯದ ಲೆಕ್ಕ ಇಡುವ ಆರ್‌ಸಿಎಚ್ ಪೋರ್ಟಲ್. ಗರ್ಭಿಣಿಯ ಹೆಸರು ಬರೆಸಿದಾಗ ಅಲ್ಲಿಂದ 12 ಅಂಕಿಯ ಒಂದು ಸಂಖ್ಯೆ ಬರುತ್ತದೆ. ತಾಯಿ ಕಾರ್ಡಿನ ಮೇಲೆ ಬರೆದಿರುವುದು ಅದೇ.

ಎರಡು ಇಲಾಖೆ, ಎರಡು ಆ್ಯಪ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತಾನಾಗಿ ಮೂಡುತ್ತದೆ ಎಂದು ನೆಚ್ಚಿಕೊಂಡು ಕೂರುವಂತಿಲ್ಲ. ತೋಟದಲ್ಲಿ ಹಣ್ಣು ಕೊಯ್ದ ತೂಕಕ್ಕೆ ಒಂದು ಪುಸ್ತಕ, ಕೂಲಿ ಬಟವಾಡೆಗೆ ಇನ್ನೊಂದು ಪುಸ್ತಕ ಇರುತ್ತದಲ್ಲ, ಹಾಗೆ. ಕೆಲಸ ಮಾಡಿದವರು ಒಬ್ಬರೇ, ಆದರೆ ಎರಡು ಪುಸ್ತಕದಲ್ಲಿ ಹೆಸರು ಬೇರೆ ಬೇರೆ ಥರ ಬರೆದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಮಗುವಿನ ವಿಷಯದಲ್ಲಿ ಎರಡನ್ನೂ ಒಂದೇ ಕಡೆ ತೋರಿಸುವುದು ಕೈಯಲ್ಲಿರುವ ತಾಯಿ ಕಾರ್ಡ್. ಬೆಳವಣಿಗೆಯ ನಕ್ಷೆ, ಲಸಿಕೆಯ ಪಟ್ಟಿ ಎರಡೂ ಅದರಲ್ಲಿವೆ. ಮೊಬೈಲ್ ಬಂದಿದೆ ಎಂದು ಅದನ್ನು ಬದಿಗಿಡುವ ಹಾಗಿಲ್ಲ.

ತೂಕ ಹೇಗೆ ಬಣ್ಣವಾಗುತ್ತದೆ

ಅಂಗನವಾಡಿ ಕಾರ್ಯಕರ್ತೆ ಆ್ಯಪ್‌ಗೆ ಕೊಡುವುದು ನಾಲ್ಕೇ ಸಂಗತಿ: ಹುಟ್ಟಿದ ದಿನ, ಹೆಣ್ಣೋ ಗಂಡೋ, ತೂಕ, ಎತ್ತರ. ಉಳಿದ ಲೆಕ್ಕವನ್ನು ಆ್ಯಪ್ ಮಾಡುತ್ತದೆ. ಆ ಲೆಕ್ಕಕ್ಕೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡ. ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ ಎದೆಹಾಲು ಕುಡಿದು ಒಳ್ಳೆಯ ಪರಿಸರದಲ್ಲಿ ಬೆಳೆದ ಮಕ್ಕಳನ್ನು ಅಳೆದು ಸಿದ್ಧಪಡಿಸಿದ್ದು ಅದು. ಸರಿಯಾದ ಆಹಾರ, ಆರೈಕೆ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಆ ಅಧ್ಯಯನದಲ್ಲಿ ಕಂಡ ಮುಖ್ಯ ಸಂಗತಿ. "ನಮ್ಮ ಕಡೆಯ ಮಕ್ಕಳು ಸಣ್ಣವೇ" ಎನ್ನುವ ಸಮಾಧಾನಕ್ಕೆ ಹಾಗಾಗಿ ಆಧಾರವಿಲ್ಲ.

ಮಾನದಂಡದಲ್ಲಿ ಪ್ರತಿ ವಯಸ್ಸಿಗೂ ಒಂದು ನಡುಗೆರೆ ಇದೆ. ಅದರ ಕೆಳಗೆ ಮೈನಸ್ 2, ಮೈನಸ್ 3 ಎಂಬ ಗೆರೆಗಳಿವೆ. ಚೆನ್ನಾಗಿ ಬೆಳೆದ ಒಂದೇ ವಯಸ್ಸಿನ ಸಾವಿರ ಮಕ್ಕಳನ್ನು ತೆಗೆದುಕೊಂಡರೆ ಸುಮಾರು 23 ಮಕ್ಕಳು ಮಾತ್ರ ಮೈನಸ್ 2ರ ಕೆಳಗೆ ಬರುತ್ತಾರೆ. ಮೈನಸ್ 3ರ ಕೆಳಗೆ ಬರುವುದು ಒಂದು ಮಗುವಷ್ಟೇ. ಆದ್ದರಿಂದ ಮೈನಸ್ 2ರ ಕೆಳಗಿದ್ದರೆ ಗಮನ ಬೇಕು, ಮೈನಸ್ 3ರ ಕೆಳಗಿದ್ದರೆ ತಡ ಮಾಡಬಾರದು. ಹಸಿರು, ಹಳದಿ, ಕೆಂಪು ಎಂದು ಕಾಣುವುದು ಈ ಗೆರೆಗಳೇ.

ಅಂಕಿಯಲ್ಲಿ ನೋಡಿ. ಒಂದು ವರ್ಷ ತುಂಬಿದ ಗಂಡುಮಗುವಿನ ನಡುಗೆರೆ ತೂಕ 9.6 ಕಿಲೋ. ಮೈನಸ್ 2 ಎಂದರೆ 7.7, ಮೈನಸ್ 3 ಎಂದರೆ 6.9 ಕಿಲೋ. ಅದೇ ವಯಸ್ಸಿನ ಹೆಣ್ಣುಮಗುವಿಗೆ 8.9, 7.0 ಮತ್ತು 6.3. ಗಂಡು, ಹೆಣ್ಣು ಎಂಬಲ್ಲಿ ಬೆರಳು ತಪ್ಪಿ ಒತ್ತಿದರೂ ಮಗು ಬೇರೆ ಬಣ್ಣಕ್ಕೆ ಹೋಗುವುದು ಇದರಿಂದಲೇ.

ಆ್ಯಪ್ ಇದನ್ನು ಮೂರು ಥರ ಹೋಲಿಸುತ್ತದೆ. ಮೂರನ್ನೂ ಬೇರೆಬೇರೆಯಾಗಿಯೇ ತಿಳಿಯಬೇಕು. ವಯಸ್ಸಿಗೆ ತಕ್ಕ ತೂಕ ಇಲ್ಲದಿದ್ದರೆ ಕಡಿಮೆ ತೂಕ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಕುಂಠಿತ ಬೆಳವಣಿಗೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ಹೊಟ್ಟೆಯಲ್ಲಿದ್ದಾಗಿನಿಂದಲೇ ನಡೆದುಬಂದ ಕೊರತೆ. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಮಗು ಕೃಶವಾಗಿದೆ ಎಂದು. ಇದು ಇತ್ತೀಚೆಗಿನ ಕೊರತೆ. ಭೇದಿ, ಜ್ವರ, ಆಹಾರ ಸಿಗದಿರುವುದು ಇದಕ್ಕೆ ಕಾರಣ. ಎತ್ತರಕ್ಕೆ ತಕ್ಕ ತೂಕ ಮೈನಸ್ 3ಕ್ಕಿಂತ ಕೆಳಗಿದ್ದರೆ ತೀವ್ರ ಅಪೌಷ್ಟಿಕತೆ. ಜೀವಕ್ಕೆ ಹತ್ತಿರದ ಅಪಾಯ ಇರುವುದು ಇಲ್ಲಿಯೇ. 'ಸ್ಯಾಮ್ ಮಗು' ಎಂದು ಅಂಗನವಾಡಿಯವರು ಹೇಳುವುದು ಇಂಥ ಮಗುವನ್ನು. ಮೈನಸ್ 2 ಮತ್ತು 3ರ ನಡುವೆ ಇದ್ದರೆ 'ಮ್ಯಾಮ್'.

ಬಣ್ಣಕ್ಕಿಂತ ಗೆರೆಯ ದಿಕ್ಕು ಮುಖ್ಯ. ಹಸಿರಿನಲ್ಲೇ ಇದ್ದ ಮಗುವಿನ ತೂಕ ಎರಡು ತಿಂಗಳು ಏರದೆ ನೆಟ್ಟಗೆ ಅಡ್ಡ ನಿಂತರೆ ಬಣ್ಣ ಇನ್ನೂ ಹಸಿರೇ ಇರುತ್ತದೆ, ಆದರೆ ಏನೋ ಆಗಿದೆ ಎಂಬುದಂತೂ ಖಚಿತ. ಅದೇ ಹಳದಿಯಲ್ಲಿರುವ ಮಗು ತಿಂಗಳು ತಿಂಗಳು ಮೇಲೇರುತ್ತಿದ್ದರೆ ಅದು ಚೇತರಿಕೆಯ ಗುರುತು. ಹಾಗಾಗಿ "ಯಾವ ಬಣ್ಣ?" ಎಂದು ಕೇಳಿ ಸುಮ್ಮನಾಗಬೇಡಿ, "ಕಳೆದ ತಿಂಗಳು ಎಷ್ಟಿತ್ತು?" ಎಂದೂ ಕೇಳಿ. ಹುಟ್ಟಿದ ಮೊದಲ ಕೆಲವು ದಿನ ಮಾತ್ರ ಇದಕ್ಕೆ ಹೊರತು. ಆಗ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕು.

ಅಳತೆ ಎಲ್ಲಿ ತಪ್ಪುತ್ತದೆ

ಆ್ಯಪ್ ಲೆಕ್ಕ ತಪ್ಪುವುದು ಅಪರೂಪ. ತಪ್ಪುವುದು ಅದಕ್ಕೆ ಕೊಟ್ಟ ಅಂಕಿ.

ಮೊದಲನೆಯದು ಬಟ್ಟೆ. ಮಡಿಕೇರಿ, ಭಾಗಮಂಡಲದ ಕಡೆ ಮಳೆಗಾಲ ಮತ್ತು ಚಳಿಯಲ್ಲಿ ಸ್ವೆಟರ್, ಟೋಪಿ, ಕಾಲುಚೀಲ ಇಲ್ಲದೆ ಕೂಸನ್ನು ಯಾರೂ ಹೊರಗೆ ತರುವುದಿಲ್ಲ. ಅವೆಲ್ಲ ಸೇರಿ 300-400 ಗ್ರಾಂ ಆಗುವುದು ಕಷ್ಟವಲ್ಲ. ಒಂದು ವರ್ಷದ ಹೆಣ್ಣುಮಗುವಿನ ನಿಜ ತೂಕ 6.8 ಕಿಲೋ ಎಂದಿಟ್ಟುಕೊಳ್ಳಿ. ಅದು 7.0ರ ಗೆರೆಯ ಕೆಳಗಿದೆ, ಹಳದಿ. ಸ್ವೆಟರ್ ಸಮೇತ ತೂಗಿದರೆ 7.1, ಹಸಿರು. ಆಹಾರ, ಭೇಟಿ, ವೈದ್ಯರ ತಪಾಸಣೆ ಎಲ್ಲವೂ ಆ ತಿಂಗಳು ತಪ್ಪಿಹೋಗುತ್ತದೆ. ಕೋಣೆಯ ಬಾಗಿಲು ಹಾಕಿ, ತೆಳು ಬಟ್ಟೆಯಲ್ಲಿ ಬೇಗ ತೂಗಿ ಮತ್ತೆ ಹೊದಿಸುವುದು ಸರಿಯಾದ ಕ್ರಮ. ಮೂತ್ರ ತುಂಬಿದ ಡೈಪರ್ ಇದ್ದರೆ ಅದನ್ನೂ ತೆಗೆಯಬೇಕು.

ಎರಡನೆಯದು ತಕ್ಕಡಿ. ತಾಯಿ-ಮಗು ಒಟ್ಟಿಗೆ ತೂಗುವ ಡಿಜಿಟಲ್ ಯಂತ್ರದಲ್ಲಿ ಮೊದಲು ತಾಯಿ ಒಬ್ಬಳೇ ನಿಲ್ಲಬೇಕು. ಅಂಕಿ ನಿಂತ ಮೇಲೆ ಗುಂಡಿ ಒತ್ತಿದರೆ ಸೊನ್ನೆಯಾಗುತ್ತದೆ. ತಾಯಿ ಅಲ್ಲಿಂದ ಇಳಿಯದೆಯೇ ಮಗುವನ್ನು ಕೈಗೆ ಕೊಡಬೇಕು. ಆಗ ಕಾಣುವುದು ಮಗುವಿನ ತೂಕ ಮಾತ್ರ. ನಡುವೆ ತಾಯಿ ಹೆಗಲಿಗೆ ಚೀಲ ಹಾಕಿಕೊಂಡರೆ ಅದರ ತೂಕವೂ ಮಗುವಿನದಾಗುತ್ತದೆ. ಗೋಡೆ ಹಿಡಿದು ನಿಂತರೆ ಅಂಕಿ ನಂಬುವ ಹಾಗಿಲ್ಲ. ಯಂತ್ರ ಗಟ್ಟಿ ಸಮತಟ್ಟು ನೆಲದ ಮೇಲಿರಬೇಕು. ಚಾಪೆ, ಜಮಖಾನದ ಮೇಲೆ ಇಟ್ಟರೆ ತೂಕ ಬದಲಾಗುತ್ತದೆ.

ಮೂರನೆಯದು ಎತ್ತರ. ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಹೆಚ್ಚು ಪೆಟ್ಟು ಬೀಳುವುದೂ ಇಲ್ಲಿಯೇ. ಎರಡು ವರ್ಷದ ಒಳಗಿನವರನ್ನು ಮಲಗಿಸಿ, ದಾಟಿದವರನ್ನು ನಿಲ್ಲಿಸಿ ಅಳೆಯಬೇಕು. ಮಲಗಿಸಿದಾಗ ಇಬ್ಬರು ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ನೇರ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ಮೆಲ್ಲಗೆ ಒತ್ತಿ ಅಂಗಾಲಿಗೆ ಸರಿಯುವ ಹಲಗೆ ತಾಗಿಸಿ ಓದಬೇಕು. ನಿಲ್ಲಿಸಿದಾಗ ಚಪ್ಪಲಿ, ಜಡೆ, ಕ್ಲಿಪ್ ತೆಗೆಯಬೇಕು; ಹಿಮ್ಮಡಿ, ಪೃಷ್ಠ, ಬೆನ್ನು ಹಲಗೆಗೆ ತಾಗಿರಬೇಕು. ಒಂದೇ ಮಗುವನ್ನು ಮಲಗಿಸಿ ಅಳೆದದ್ದಕ್ಕೂ ನಿಲ್ಲಿಸಿ ಅಳೆದದ್ದಕ್ಕೂ 0.7 ಸೆಂ.ಮೀ. ವ್ಯತ್ಯಾಸ ಹಿಡಿಯುತ್ತಾರೆ. ಎರಡು ದಾಟಿದ ಮಗು ನಿಲ್ಲಲು ಒಪ್ಪದೆ ಮಲಗಿಸಿ ಅಳೆದರೆ ಅಷ್ಟನ್ನು ಕಳೆಯಬೇಕು. ಎರಡರ ಒಳಗಿನ ಮಗುವನ್ನು ನಿಲ್ಲಿಸಿ ಅಳೆದರೆ ಕೂಡಿಸಬೇಕು.

ಇಷ್ಟು ಸೂಕ್ಷ್ಮ ಏಕೆಂದರೆ, ಎರಡು ವರ್ಷದ ಗಂಡುಮಗುವಿನ ಮೈನಸ್ 2 ಎತ್ತರ ನಿಂತಾಗ 81.0 ಸೆಂ.ಮೀ. ನಿಜವಾಗಿ 80.4 ಇರುವ ಮಗು ತುದಿಗಾಲಲ್ಲಿ ನಿಂತು 82 ಎಂದು ದಾಖಲಾದರೆ ಕುಂಠಿತ ಬೆಳವಣಿಗೆ ಕಾಗದದ ಮೇಲೆ ಮಾಯವಾಗುತ್ತದೆ. ಇದರ ಉಲ್ಟಾ ತಪ್ಪು ಇನ್ನೂ ಅಪಾಯಕಾರಿ. ಮೊಣಕಾಲು ಮಡಚಿದ್ದರಿಂದ ಎತ್ತರ 2 ಸೆಂ.ಮೀ. ಕಡಿಮೆ ಬಂದರೆ, ಆ ಗಿಡ್ಡ ಎತ್ತರಕ್ಕೆ ಮಗುವಿನ ತೂಕ ಸಾಕಷ್ಟಿದೆ ಎಂದು ಆ್ಯಪ್ ತಿಳಿಯುತ್ತದೆ. ತೀವ್ರವಾಗಿ ಕೃಶವಾದ ಮಗು ಪಟ್ಟಿಯಿಂದ ಜಾರಿಹೋಗುವುದು ಹೀಗೆಯೇ. ಮಗು ಹೋದ ತಿಂಗಳಿಗಿಂತ ಈ ತಿಂಗಳು ಗಿಡ್ಡವಾಗಿದೆ ಎಂದು ತೋರಿಸಿದರೆ ಅಳತೆ ತಪ್ಪಿದೆ ಎಂದೇ ಅರ್ಥ. ಮತ್ತೆ ಅಳೆಯಿರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನಾಲ್ಕನೆಯದು ಹುಟ್ಟಿದ ದಿನ. 7.5 ಕಿಲೋ ತೂಗುವ ಗಂಡುಮಗು 10 ತಿಂಗಳದ್ದಾದರೆ ಗೆರೆಯ ಮೇಲಿದೆ, 12 ತಿಂಗಳದ್ದಾದರೆ ಕೆಳಗಿದೆ. ಜನನ ಪ್ರಮಾಣಪತ್ರ ಇಲ್ಲದ ಮಗುವಿಗೆ "ಹುತ್ತರಿ ಹಬ್ಬ ಆದ ಮೇಲೆ ಹುಟ್ಟಿದ್ದು" ಎಂಬ ಲೆಕ್ಕದಲ್ಲಿ ಅಂದಾಜು ದಿನ ಹಾಕಿದರೆ ಮುಂದಿನ ಪ್ರತಿ ಬಣ್ಣವೂ ಅಂದಾಜೇ ಆಗುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಇನ್ನೊಂದು ಮಾತಿದೆ. ಎರಡು ತಿಂಗಳು ಮೊದಲು ಹುಟ್ಟಿದ ಕೂಸಿನ ಬೆಳವಣಿಗೆಯನ್ನು ಮೊದಲ ಎರಡು ವರ್ಷ ಆ ಎರಡು ತಿಂಗಳನ್ನು ಕಳೆದು ನೋಡುವುದು ವೈದ್ಯರ ಕ್ರಮ. ಇಂಥ ಮಗು ಆ್ಯಪ್‌ನಲ್ಲಿ ಕೆಂಪಾದರೆ ಗಾಬರಿಯಾಗದೆ, ಡಿಸ್ಚಾರ್ಜ್ ಕಾಗದ ಹಿಡಿದು ಮಕ್ಕಳ ವೈದ್ಯರಿಗೆ ತೋರಿಸಿ.

ಆ್ಯಪ್‌ಗೆ ಕಾಣದ್ದೂ ಒಂದಿದೆ, ನೀರು ತುಂಬಿದ ಬಾವು. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಉಳಿದರೆ, ತೂಕ ಎಷ್ಟೇ ಇರಲಿ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣವಾಗಿರಬಹುದು. ಮೈಯಲ್ಲಿ ನೀರು ನಿಂತು ತೂಕ ಹೆಚ್ಚು ತೋರಿಸುತ್ತಿರುತ್ತದೆ. ಆಸ್ಪತ್ರೆಗೆ ಕೂಡಲೇ ಹೋಗಬೇಕು. ಹಾಗೆಯೇ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಮಧ್ಯದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೂ ತೀವ್ರ ಎಂದೇ ಲೆಕ್ಕ. ಯಂತ್ರ ಕೆಟ್ಟಿದ್ದರೂ, ಕರೆಂಟ್ ಇಲ್ಲದಿದ್ದರೂ ಒಂದು ಪಟ್ಟಿಯಿಂದ ಇದನ್ನು ನೋಡಬಹುದು. ದೂರದ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿ) ಆ ಪಟ್ಟಿಯ ಬೆಲೆ ದೊಡ್ಡದು.

ಕೆಂಪು ಬಂದರೆ ಮುಂದೇನು

ಮೊದಲು ಅಳತೆಯನ್ನು ಇನ್ನೊಮ್ಮೆ ಮಾಡುತ್ತಾರೆ. ಸರಿ ಎಂದಾದರೆ ಆರೋಗ್ಯ ಕಾರ್ಯಕರ್ತೆ ಅಥವಾ ವೈದ್ಯರು ಮಗುವಿಗೆ ಹಸಿವಿದೆಯೇ, ತಿನ್ನಲು ಕೊಟ್ಟದ್ದನ್ನು ತಿನ್ನುತ್ತದೆಯೇ, ಜ್ವರ, ಭೇದಿ, ಬಾವು, ಉಸಿರಾಟದ ತೊಂದರೆ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇಂಥ ತೊಂದರೆ ಇದ್ದರೆ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರಿಸಬೇಕು, ತಾಯಿಯೂ ಜೊತೆಗಿರಬೇಕು. ತೊಂದರೆ ಇಲ್ಲದೆ ಹಸಿವು ಚೆನ್ನಾಗಿದ್ದರೆ ಊರಲ್ಲೇ ಆಹಾರ, ಔಷಧಿ ಮತ್ತು ಮರುಭೇಟಿಯ ಮೂಲಕ ನೋಡಿಕೊಳ್ಳುತ್ತಾರೆ. ಅಂಗನವಾಡಿಯ ಪೂರಕ ಆಹಾರದ ಪ್ರಮಾಣವೂ ಬದಲಾಗುತ್ತದೆ. ಸಾಮಾನ್ಯ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12-15 ಗ್ರಾಂ ಪ್ರೋಟೀನ್. ತೀವ್ರ ಕಡಿಮೆ ತೂಕದ ಮಗುವಿಗೆ 800 ಕ್ಯಾಲೊರಿ, 20-25 ಗ್ರಾಂ ಪ್ರೋಟೀನ್. ಬಣ್ಣ ತಪ್ಪಾಗಿ ಹಸಿರಾದರೆ ಮಗುವಿನ ತಟ್ಟೆಯಿಂದ ಹೋಗುವುದು ಈ 300 ಕ್ಯಾಲೊರಿ. "ಕೆಂಪು ಬಂದರೆ ನಮಗೆ ಅವಮಾನ" ಎಂದು ತಾಯಿ ಹಿಂಜರಿಯುವುದರಿಂದ ನಷ್ಟವಾಗುವುದು ಕೂಸಿಗೆ ಮಾತ್ರ.

ಲಸಿಕೆಯ ದಿನಗಳನ್ನು ಯು-ವಿನ್ ಲೆಕ್ಕ ಹಾಕುವುದು

ಸರ್ಕಾರದ ಉಚಿತ ಲಸಿಕೆಯ ವೇಳಾಪಟ್ಟಿ ಹೀಗಿದೆ. ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ. ನಂತರ 6, 10, 14 ವಾರಗಳಿಗೆ ಪೆಂಟಾ, ಪೋಲಿಯೊ ಹನಿ, ಭೇದಿ ತಡೆಯುವ ರೋಟಾ. ಇದರಲ್ಲಿ 6 ಮತ್ತು 14ನೇ ವಾರ ನ್ಯುಮೋನಿಯಾ ತಡೆಯುವ ಪಿಸಿವಿ ಹಾಗೂ ಪೋಲಿಯೊ ಚುಚ್ಚುಮದ್ದೂ ಇರುತ್ತದೆ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಮೊದಲ ಡೋಸ್, ಪಿಸಿವಿ ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೆಯ ಡೋಸ್, ವಿಟಮಿನ್ ಎ. 16ರಿಂದ 24 ತಿಂಗಳಲ್ಲಿ ದಡಾರ-ರುಬೆಲ್ಲಾ ಎರಡನೆಯದು, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಮತ್ತು ಪೋಲಿಯೊ ಹನಿಯ ಬೂಸ್ಟರ್. 5-6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ). ಪೆಂಟಾ ಎಂದರೆ ಒಂದೇ ಸೂಜಿಯಲ್ಲಿ ಐದು ರೋಗಕ್ಕೆ ತಡೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತ.

ಸಿಸ್ಟರ್ ಲಸಿಕೆ ಹಾಕಿ ಯು-ವಿನ್‌ನಲ್ಲಿ ಗುರುತು ಮಾಡಿದ ಕೂಡಲೇ ಮುಂದಿನ ದಿನ ಲೆಕ್ಕವಾಗುತ್ತದೆ. ಇಲ್ಲಿ ಎರಡು ನಿಯಮ ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು, ಕನಿಷ್ಠ ವಯಸ್ಸು. ಇನ್ನೊಂದು, ಒಂದೇ ಲಸಿಕೆಯ ಹಿಂದಿನ ಡೋಸಿನಿಂದ ಕನಿಷ್ಠ ನಾಲ್ಕು ವಾರ. ಆರು ವಾರಕ್ಕೆ, ಅಂದರೆ 42ನೇ ದಿನಕ್ಕೆ ಹಾಕಿಸಬೇಕಾದ ಪೆಂಟಾವನ್ನು 60ನೇ ದಿನ ಹಾಕಿಸಿದರೆ ಎರಡನೆಯದು 70ನೇ ದಿನಕ್ಕಲ್ಲ, 88ನೇ ದಿನಕ್ಕೆ. ಕಾರ್ಡಿನಲ್ಲಿ ಮೊದಲೇ ಅಚ್ಚಾಗಿರುವ "10 ವಾರ" ನೋಡಿ ಬಂದವರಿಗೆ "ಇನ್ನೂ ದಿನವಾಗಿಲ್ಲ" ಎಂದು ಸಿಸ್ಟರ್ ಹೇಳುವುದು ಈ ಕಾರಣಕ್ಕೆ.

ಹೆತ್ತವರೂ ಯು-ವಿನ್ ತೆರೆದು, ನೋಂದಾಯಿಸಿದ ಮೊಬೈಲ್ ನಂಬರ್ ಮತ್ತು ಒಟಿಪಿ ಹಾಕಿ ಮಗುವಿನ ಪಟ್ಟಿ ನೋಡಬಹುದು, ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ಲಸಿಕೆಯನ್ನು ಯು-ವಿನ್ ಬಳಸುವ ಯಾವ ಸರ್ಕಾರಿ ಕೇಂದ್ರದಲ್ಲಿ ಹಾಕಿಸಿದರೂ ಅದೇ ದಾಖಲೆಗೆ ಸೇರುತ್ತದೆ, ಅದೇ ಮಗು ಎಂದು ಗುರುತು ಸಿಕ್ಕರೆ. ಖಾಸಗಿ ಕ್ಲಿನಿಕ್ಕಿನಲ್ಲಿ ಹಾಕಿಸಿದ್ದು ಅವರು ಯು-ವಿನ್‌ನಲ್ಲಿ ತುಂಬಿದರೆ ಮಾತ್ರ ಕಾಣುತ್ತದೆ. ಇಲ್ಲವಾದರೆ ಮಗುವಿಗೆ ಲಸಿಕೆ ಬಿದ್ದಿದ್ದರೂ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಬಾಕಿ ಎಂದೇ ಇರುತ್ತದೆ. ಕ್ಲಿನಿಕ್ಕಿನ ಪುಸ್ತಕವನ್ನು ಉಪಕೇಂದ್ರಕ್ಕೆ ಒಯ್ದು ತೋರಿಸಿದರೆ ಬಗೆಹರಿಯುತ್ತದೆ.

ತಡವಾದರೆ ಮೊದಲಿನಿಂದ ಬೇಕಿಲ್ಲ

ಡೋಸ್ ತಪ್ಪಿತೆಂದು ನಾಚಿ ಆಮೇಲೆ ಕೇಂದ್ರಕ್ಕೇ ಬರದವರು ಅನೇಕರು. ಎಷ್ಟೇ ತಡವಾದರೂ ನಿಂತಲ್ಲಿಂದ ಮುಂದುವರಿಸುವುದು ನಿಯಮ, ಮತ್ತೆ ಮೊದಲ ಡೋಸಿನಿಂದ ಆರಂಭಿಸಬೇಕಿಲ್ಲ. ಆದರೆ ಕೆಲವಕ್ಕೆ ಬಾಗಿಲು ಮುಚ್ಚುತ್ತದೆ. ಬಿಸಿಜಿ ಒಂದು ವರ್ಷದವರೆಗೆ. ಪೆಂಟಾ, ರೋಟಾ, ಪಿಸಿವಿಯ ಮೊದಲ ಡೋಸ್ ಒಂದು ವರ್ಷದೊಳಗೆ ಬಿದ್ದಿರಬೇಕು. ಪೆಂಟಾ ಒಂದೂ ಬೀಳದೆ ವರ್ಷ ದಾಟಿದ ಮಗುವಿಗೆ ಏಳು ವರ್ಷದವರೆಗೆ ಡಿಪಿಟಿ ಕೊಡುತ್ತಾರೆ. ದಡಾರ-ರುಬೆಲ್ಲಾ ಐದು ವರ್ಷದವರೆಗೆ. ಹೆಪಟೈಟಿಸ್ ಬಿ ಹುಟ್ಟುಡೋಸಿಗೆ ಮಾತ್ರ 24 ಗಂಟೆಯ ಗಡುವು. ತಾಯಿಯಿಂದ ಮಗುವಿಗೆ ಹೆರಿಗೆ ಸಮಯದಲ್ಲಿ ದಾಟುವ ವೈರಾಣುವನ್ನು ತಡೆಯುವುದು ಅದರ ಉದ್ದೇಶ. ಮನೆಯಲ್ಲೇ ಹೆರಿಗೆಯಾದರೆ ಕೈತಪ್ಪುವುದು ಹೆಚ್ಚಾಗಿ ಇದೇ.

ಪೆಂಟಾ ಮೊದಲ ಡೋಸೂ ಬೀಳದ ಮಗುವನ್ನು ಆರೋಗ್ಯ ಇಲಾಖೆ 'ಜೀರೋ ಡೋಸ್' ಎಂದು ಕರೆಯುತ್ತದೆ. ಇಂಥ ಮಗುವನ್ನು ಹುಡುಕುವುದೇ ಡಿಜಿಟಲ್ ದಾಖಲೆಯ ದೊಡ್ಡ ಪ್ರಯೋಜನ. ಆದರೆ ಒಂದು ಮಿತಿಯೂ ಇದೆ. ನೋಂದಣಿಯಾದ ಮಗು ತಪ್ಪಿಸಿಕೊಂಡರೆ ಮಾತ್ರ ಆ್ಯಪ್ ಎಚ್ಚರಿಸುತ್ತದೆ. ಹೆಸರೇ ಬರೆಸದ ಮಗು ಅದರ ಮಟ್ಟಿಗೆ ಹುಟ್ಟಿಯೇ ಇಲ್ಲ. ಲೈನ್ ಮನೆಗೆ ಹೊಸದಾಗಿ ಬಂದ ಕುಟುಂಬದಲ್ಲಿ ಕೂಸಿದೆ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಆಗಲಿ, ಪಕ್ಕದ ಮನೆಯವರಾಗಲಿ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಯಾವ ತಂತ್ರಾಂಶವೂ ಮಾಡಲಾರದ ಕೆಲಸವಾಗುತ್ತದೆ.

ಒಂದು ಮಗು ಎರಡಾಗುವುದು ಹೇಗೆ

ಮೈಸೂರಿನ ಆಸ್ಪತ್ರೆಯಲ್ಲಿ ಹೆರಿಗೆ. ಅಲ್ಲಿ ಅಜ್ಜಿಯ ಫೋನ್ ನಂಬರ್ ಕೊಟ್ಟು, ಇನ್ನೂ ನಾಮಕರಣವಾಗದ ಕೂಸನ್ನು ತಾಯಿಯ ಹೆಸರಿನ ಮಗು ಎಂದಷ್ಟೇ ಬರೆಸಿದರು. ಮೂರು ತಿಂಗಳ ಬಾಣಂತನ ಮುಗಿಸಿ ಗೋಣಿಕೊಪ್ಪಕ್ಕೆ ಬಂದ ಮೇಲೆ ತಂದೆಯ ನಂಬರ್, ಮಗುವಿನ ಹೊಸ ಹೆಸರು ಹೇಳಿದರು. ಹುಡುಕಿದಾಗ ಹಳೆಯದು ಸಿಗಲಿಲ್ಲ, ಹೊಸದಾಗಿ ನೋಂದಣಿ ಮಾಡಿದರು. ಈಗ ಒಂದು ದಾಖಲೆಯಲ್ಲಿ ಬಿಸಿಜಿ, ಪೆಂಟಾ ಒಂದು ಇದೆ, ಇನ್ನೊಂದರಲ್ಲಿ ಪೆಂಟಾ ಎರಡರಿಂದ ಮುಂದಿನದು. ಎರಡೂ ಅಪೂರ್ಣ, ಎರಡಕ್ಕೂ ನೆನಪಿಸುವ ಮೆಸೇಜ್ ಹೋಗುತ್ತಲೇ ಇರುತ್ತದೆ.

ಕೊಡಗಿನಲ್ಲಿ ಹೆಸರಿನ ತೊಡಕು ಇನ್ನೂ ಒಂದಿದೆ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಒಂದು ಕಡೆ ಅದನ್ನು ಪೂರ್ತಿ ಬರೆದು, ಇನ್ನೊಂದು ಕಡೆ ಒಂದಕ್ಷರದ ಇನಿಷಿಯಲ್ ಮಾಡಿ, ಮತ್ತೊಂದು ಕಡೆ ಕೊನೆಗೆ ಹಾಕಿದರೆ ಕಂಪ್ಯೂಟರಿಗೆ ಮೂವರು. ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದವರ ಹೆಸರನ್ನು ಕಿವಿಗೆ ಕೇಳಿದಂತೆ ಬರೆದಾಗಲೂ ಹೀಗೇ. ಜನನ ಪ್ರಮಾಣಪತ್ರದಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಸುವುದೊಂದೇ ದಾರಿ. ಜನನವನ್ನು 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ. ಹೆಸರು ಇಡದಿದ್ದರೂ ನೋಂದಣಿ ಮಾಡಿಸಬಹುದು, ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ತಿದ್ದುಪಡಿ ಕಾಯ್ದೆ ಜಾರಿಯಾಗಿ, ಆ ದಿನದ ನಂತರ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಆಧಾರ್‌ವರೆಗೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ.

ಫೋನ್ ನಂಬರಿನ ಕಥೆ ಬೇರೆ. ಸ್ವಂತ ಮೊಬೈಲ್ ಇಲ್ಲದ ಕಾರ್ಮಿಕರು ಮೇಸ್ತ್ರಿಯ ಅಥವಾ ರೈಟರ್‌ನ ನಂಬರ್ ಕೊಡುವುದುಂಟು. ಒಟಿಪಿ, ಲಸಿಕೆಯ ನೆನಪೋಲೆ ಎಲ್ಲ ಅವರಿಗೆ ಹೋಗುತ್ತದೆ. ಕೊಯ್ಲು ಮುಗಿದು ಕುಟುಂಬ ಊರಿಗೆ ಹೋದ ಮೇಲೆ ಆ ದಾಖಲೆ ತೆರೆಯಲು ಮನೆಯವರ ಹತ್ತಿರ ಏನೂ ಉಳಿಯುವುದಿಲ್ಲ. ಊರಲ್ಲಿರುವ ಅಜ್ಜ, ಅಣ್ಣ, ಭಾವ ಯಾರದ್ದಾದರೂ ಸರಿ, ಬದಲಾಗದ ಒಂದು ಮನೆಯ ನಂಬರ್ ಕೊಡುವುದು ಒಳ್ಳೆಯದು. ಸಿಮ್ ಬದಲಾಯಿಸಿದರೆ ಮುಂದಿನ ಲಸಿಕೆಯ ದಿನವೇ ಹೇಳಿ ತಿದ್ದಿಸಬೇಕು.

ಊರು ಬಿಡುವಾಗ

ಅರೇಬಿಕಾ ಕೊಯ್ಲಿನಿಂದ ರೊಬಸ್ಟಾ ಕೊಯ್ಲು ಮುಗಿಯುವವರೆಗೆ ಜಿಲ್ಲೆಯ ತೋಟಗಳಲ್ಲಿ ಹೊರಗಿನ ಕುಟುಂಬಗಳು ತುಂಬಿರುತ್ತವೆ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯವರು, ತಮಿಳುನಾಡಿನವರು, ಈಶಾನ್ಯದವರು. ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸುವ ವ್ಯವಸ್ಥೆ ಇದೆ. ಊರು ಬಿಡುವ ಮೊದಲು ಅಲ್ಲಿಯ ಅಂಗನವಾಡಿ ಟೀಚರ್‌ಗೆ ಹೇಳಿ, ಹೊಸ ಜಾಗದಲ್ಲಿ ಅದೇ ಆಧಾರ್, ಅದೇ ಫೋನ್ ನಂಬರ್ ತೋರಿಸಿದರೆ ಹಳೆಯ ತೂಕದ ಗೆರೆಯೂ ಜೊತೆಗೆ ಬರುತ್ತದೆ. ಹೊಸದಾಗಿ ಸೇರಿಸಿದರೆ ಗೆರೆ ಅಲ್ಲಿಂದ ಶುರು. ಕಳೆದ ಆರು ತಿಂಗಳಲ್ಲಿ ತೂಕ ನಿಂತಿತ್ತು ಎಂಬ ಸುಳಿವು ಹೋಗುತ್ತದೆ.

ಹಾಡಿಗಳಿಂದ ತೋಟಕ್ಕೆ, ತೋಟದಿಂದ ಹಾಡಿಗೆ ಓಡಾಡುವ ಯರವ, ಜೇನುಕುರುಬ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ. ಅವರ ಅಂತರ ಕೆಲವೇ ಮೈಲಿ, ಆದರೆ ಅಂಗನವಾಡಿ, ಉಪಕೇಂದ್ರ ಎರಡೂ ಬದಲಾಗಿರುತ್ತವೆ. ಕೇರಳದ ಗಡಿ ದಾಟಿ ವಯನಾಡು, ಕಣ್ಣೂರಿನಲ್ಲಿ ಲಸಿಕೆ ಹಾಕಿಸಿದವರು ಅಲ್ಲಿಯ ಕಾರ್ಡಿನ ಫೋಟೊ ತೆಗೆದು ಇಟ್ಟುಕೊಂಡು ಇಲ್ಲಿ ತೋರಿಸಬೇಕು.

ನೆಟ್‌ವರ್ಕ್ ಇಲ್ಲದ ದಿನ

ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್, ಸಿಗ್ನಲ್ ಎರಡೂ ಇಲ್ಲದ ದಿನಗಳು ಬರುತ್ತವೆ. ಆಗ ಕಾರ್ಯಕರ್ತೆ ಪುಸ್ತಕದಲ್ಲಿ ಬರೆದುಕೊಂಡು, ಸಿಗ್ನಲ್ ಸಿಕ್ಕಾಗ ಮೊಬೈಲಿಗೆ ಹಾಕುತ್ತಾರೆ. ತಪ್ಪಿನ ಜಾಗ ಇದು. 5ನೇ ತಾರೀಕು ತೂಗಿದ್ದನ್ನು 28ಕ್ಕೆ ತುಂಬುವಾಗ 28ರ ತೂಕ ಎಂದೇ ದಾಖಲಾದರೆ ಮಗುವಿಗೆ 23 ದಿನ ವಯಸ್ಸು ಕೂಡಿದಂತಾಯಿತು. ಎಳೆಯ ಕೂಸಿಗೆ ಅದು ಬಣ್ಣ ಬದಲಿಸುವಷ್ಟು ದೊಡ್ಡದು. ಲಸಿಕೆಯಲ್ಲೂ ಹಾಗೇ, ಹಾಕಿದ ದಿನ ತಡವಾಗಿ ದಾಖಲಾದರೆ ಮುಂದಿನ ಡೋಸ್ ತಡವಾಗಿ ತೋರಿಸುತ್ತದೆ. ಕಾರ್ಡಿನಲ್ಲಿ ಅಂದೇ ಬರೆದ ದಿನಾಂಕ ಇದ್ದರೆ ತಿದ್ದಲು ಆಧಾರ ಸಿಗುತ್ತದೆ.

ಕಾಗದಕ್ಕೂ ಅಪಾಯವಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆಗಳೇ ಉಳಿಯಲಿಲ್ಲ, ಕಾಗದಪತ್ರದ ಮಾತೆಲ್ಲಿ! ಅಂಥ ಹೊತ್ತಿನಲ್ಲಿ ಡಿಜಿಟಲ್ ಪ್ರತಿ ನಿಜಕ್ಕೂ ಆಸರೆ. ಕಾರ್ಡಿನ ಲಸಿಕೆ ಪುಟ, ಬೆಳವಣಿಗೆ ಪುಟ, ಸಂಖ್ಯೆಯಿರುವ ಮೊದಲ ಪುಟ, ಈ ಮೂರರ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಟ್ಟರೆ ಸಾಕು.

ಲಸಿಕೆಯ ಸೀಸೆಗೂ ಒಂದು ಡಿಜಿಟಲ್ ಕಾವಲಿದೆ. ಇ-ವಿನ್ ಎಂಬ ಬೇರೆ ವ್ಯವಸ್ಥೆ ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇದೆಯೇ, ಎಲ್ಲಿ ಎಷ್ಟು ದಾಸ್ತಾನಿದೆ ಎಂದು ನೋಡುತ್ತದೆ. ಹೆಸರು ಹತ್ತಿರವಾದರೂ ಯು-ವಿನ್ ಮತ್ತು ಇದನ್ನು ಒಂದೇ ಎಂದುಕೊಳ್ಳಬೇಡಿ. ಇದು ಸೀಸೆಯ ಲೆಕ್ಕ, ಅದು ಮಗುವಿನ ಲೆಕ್ಕ.

ಮುಖ, ಆಧಾರ್, ಒಟಿಪಿ

ಮುಖ ತೋರಿಸುವುದು ಮನೆಗೆ ಒಯ್ಯುವ ಆಹಾರಕ್ಕೆ ಸಂಬಂಧಿಸಿದ್ದು. ಪೊಟ್ಟಣ ಸರಿಯಾದವರ ಕೈಗೆ ಹೋಯಿತೇ ಎಂದು ನೋಡಲು ತಂದ ಕ್ರಮ. ಆರು ತಿಂಗಳಿನಿಂದ ಮೂರು ವರ್ಷದ ಮಗುವಿನ ಪರವಾಗಿ ತಾಯಿ ಅಥವಾ ಪೋಷಕರ ಮುಖ ಹೊಂದಿಕೆಯಾಗಬೇಕು. ಹೊಂದದಿರಲು ಸಾಮಾನ್ಯ ಕಾರಣಗಳು ಮೂರು: ಆಧಾರ್‌ನಲ್ಲಿ ಹತ್ತಾರು ವರ್ಷದ ಹಿಂದಿನ ಚಿತ್ರ, ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಈಗ ಇಲ್ಲದಿರುವುದು, ಕತ್ತಲ ಕೋಣೆ. ಕೊನೆಯದಕ್ಕೆ ಜಗಲಿಗೆ ಬಂದು ಬೆಳಕಿಗೆ ಮುಖ ಮಾಡಿದರೆ ಸಾಕು. ಮೊದಲನೆಯದಕ್ಕೆ ಆಧಾರ್ ಕೇಂದ್ರಕ್ಕೇ ಹೋಗಬೇಕು, ಎರಡನೆಯದನ್ನೂ ಅಲ್ಲಿ ತಿದ್ದಿಸಬಹುದು.

ತೂಗಲು ಮುಖದ ಪರೀಕ್ಷೆ ಬೇಕಿಲ್ಲ. ಆಧಾರ್ ಇಲ್ಲವೆಂದು ಲಸಿಕೆ ನಿರಾಕರಿಸುವಂತಿಲ್ಲ. ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರು ಸೇರಿಸಲು ಮಗುವಿನದೇ ಆಧಾರ್ ಕಡ್ಡಾಯವಲ್ಲ, ತಾಯಿಯದು ಸಾಕಾಗುತ್ತದೆ. ಒಟಿಪಿಯನ್ನು ಎದುರಿಗೆ ಕುಳಿತ ಸಿಸ್ಟರ್ ಅಥವಾ ಅಂಗನವಾಡಿ ಟೀಚರ್‌ಗೆ ಮಾತ್ರ, ಅವರು ಆಗಲೇ ತುಂಬುತ್ತಿರುವಾಗ ಮಾತ್ರ ಹೇಳಿ. "ಪೋಷಣ್ ಹಣ ಬಂದಿದೆ" ಎಂದು ಫೋನ್ ಮಾಡಿ ಒಟಿಪಿ ಕೇಳುವವರು ಮೋಸಗಾರರು.

ಮುಂದಿನ ಸಲ ಅಂಗನವಾಡಿಗೆ ಹೋದಾಗ ಟೀಚರ್‌ನ ಮೊಬೈಲಿನಲ್ಲಿ ಮಗುವಿನ ಪುಟ ತೆರೆಸಿ ಹುಟ್ಟಿದ ದಿನ, ಹೆಣ್ಣು-ಗಂಡು, ಕೊನೆಯ ತೂಕ ಮತ್ತು ತೂಗಿದ ದಿನವನ್ನು ಕಾರ್ಡಿನೊಂದಿಗೆ ತಾಳೆ ನೋಡಿ. ಲಸಿಕೆಯ ದಿನ ಸಿಸ್ಟರ್ ಹತ್ತಿರ ಮಗುವಿನ ಹೆಸರಲ್ಲಿ ಎರಡು ದಾಖಲೆ ಇವೆಯೇ ಎಂದು ಹುಡುಕಲು ಹೇಳಿ. ತಾಯಿಯ ಹೆಸರು, ಹಳೆಯ ಫೋನ್ ನಂಬರ್, ಕಾರ್ಡಿನ 12 ಅಂಕಿ ಮೂರರಲ್ಲೂ ಹುಡುಕಿದರೆ ಇದ್ದದ್ದು ಸಿಗುತ್ತದೆ. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕಲ್ಲ, ಈ ಕೆಲಸಕ್ಕೆ ಅಷ್ಟು ಸಮಯ ಧಾರಾಳ.